ಊರಿಗೆ ನೀರು, ಕೇರಿಗೆ ಬುದ್ಧಿಮಾತು: ಹಾಸನ ಸೀಮೆಯ ಆರೋಗ್ಯ ಶಿಕ್ಷಣದ ಒಂದು ಚರಿತ್ರೆ

ದಲಿತ ವಿಮರ್ಶೆ ಅಂದಕೂಡಲೇ ಕಾವ್ಯ, ಕತೆ, ಆತ್ಮಕಥನಗಳ ವಿಮರ್ಶೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಪ್ರಭುತ್ವ ಬರೆದ ಪಠ್ಯಗಳನ್ನು ನಾವು ಅಷ್ಟಾಗಿ ಓದಿಲ್ಲ. ಗೋಡೆಬರಹ, ಭಿತ್ತಿಪತ್ರ, ರೇಡಿಯೋ ಪ್ರಕಟಣೆ, ವಾರ್ತಾ ಇಲಾಖೆಯ ವ್ಯಾನು ತೋರಿಸುತ್ತಿದ್ದ ಸಿನಿಮಾ, ಡಂಗುರ ಎಲ್ಲವೂ ಪಠ್ಯಗಳೇ. ಕಾದಂಬರಿ ಕೈಗೆ ಸಿಗದ ಕೇರಿಯ ಜನ ತಲೆಮಾರುಗಳಿಂದ ಓದಿದ್ದು, ಕೇಳಿದ್ದು ಇವನ್ನೇ. ನಾನು ಅರಕಲಗೂಡು ತಾಲ್ಲೂಕಿನ ಒಂದು ಕೇರಿಯಲ್ಲಿ ಹುಟ್ಟಿದವನು. ಅವ್ವನ ತವರು ಚನ್ನರಾಯಪಟ್ಟಣದ ಕಡೆ. ಓದಿದ್ದು ಹಾಸನದಲ್ಲಿ, ಈಗ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತೇನೆ. ಈ ನಾಲ್ಕು ತಾಲ್ಲೂಕುಗಳಿಗೆ ಸರ್ಕಾರದ ಆರೋಗ್ಯ ಶಿಕ್ಷಣ ಹೇಗೆ ಬಂತು, ಕೇರಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡಿತು ಎಂಬುದನ್ನು ಹಿರಿಯರ ನೆನಪು ಮತ್ತು ದಾಖಲಾದ ಚರಿತ್ರೆ ಎರಡನ್ನೂ ಮುಖಾಮುಖಿಯಾಗಿಸಿ ನೋಡುವುದು ಈ ಬರಹದ ಉದ್ದೇಶ.

ನನ್ನ ವಾದ ಇಷ್ಟು. ರೋಗ ತಡೆಯಲು ಬೇಕಾದ್ದು ನೀರು, ಚರಂಡಿ, ಮನೆ, ಕೂಲಿ. ಅವು ಊರಿನ ಕಡೆಗೆ ಹರಿದವು. ಕೇರಿಗೆ ಬಂದದ್ದು ಬುದ್ಧಿಮಾತು. ಆ ಬುದ್ಧಿಮಾತನ್ನು ಸಾರಿದವರು, ಹೊತ್ತವರು, ಅದರ ಕೊಳಕು ಕೆಲಸ ಮಾಡಿದವರು ಕೇರಿಯವರೇ. ಆದರೆ ಆರೋಗ್ಯದ ಚರಿತ್ರೆಯಲ್ಲಿ ಅವರು ಕೆಲಸಗಾರರಾಗಿ ಕಾಣುವುದಿಲ್ಲ, ತಿದ್ದಬೇಕಾದ ಜನರಾಗಿ ಮಾತ್ರ ಕಾಣುತ್ತಾರೆ.

1. ತೋಟಿಯ ಲೆಕ್ಕ

ಹಳೇ ಮೈಸೂರಿನಲ್ಲಿ ಹುಟ್ಟು-ಸಾವಿನ ಲೆಕ್ಕ ಪಟೇಲ, ಶಾನುಭೋಗರ ಪುಸ್ತಕದಲ್ಲಿರುತ್ತಿತ್ತು. ಆದರೆ ಯಾರ ಮನೇಲಿ ಯಾರು ಸತ್ತರು, ಯಾವ ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು ಅಂತ ತಿಳಿದು ಬಂದು ಹೇಳಬೇಕಾದವರು ತೋಟಿ, ತಳವಾರರು. ಸಂಸ್ಥಾನದ ಆರೋಗ್ಯ ಅಂಕಿಅಂಶದ ಗೋಪುರವೆಲ್ಲ ನಿಂತದ್ದು ಅಕ್ಷರ ಗೊತ್ತಿಲ್ಲದ ಈ ಮನುಷ್ಯನ ಬಾಯಿಮಾತಿನ ಮೇಲೆ. ಆ ಲೆಕ್ಕದಲ್ಲಿ ಕಾಲರಾ, ಸಿಡುಬು, ಪ್ಲೇಗುಗಳಿಗೆ ಖಾನೆಗಳಿದ್ದವು. ಮಿಕ್ಕ ಬಹುಪಾಲು ಸಾವುಗಳು ‘ಜ್ವರ’ ಎಂಬ ಒಂದೇ ಖಾನೆಗೆ ಬೀಳುತ್ತಿದ್ದವು. ಹಸಿವಿಗೆ ಖಾನೆ ಇರಲಿಲ್ಲ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅಲ್ಲಿಂದ ಸಂಸ್ಥಾನಕ್ಕೆಲ್ಲ ಹರಡಿತು. ಇಲಿ ಬಿದ್ದರೆ ಊರು ಬಿಡುವುದು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಸರ್ಕಾರ ಕಲಿಸಿದ ಮುಖ್ಯ ಮುನ್ನೆಚ್ಚರಿಕೆ. ಇದರಿಂದ ಜೀವಗಳು ಉಳಿದದ್ದು ನಿಜ. ನಮ್ಮ ತಾತ ತನ್ನ ಅವ್ವನಿಂದ ಕೇಳಿದ್ದನ್ನು ಹೇಳುತ್ತಿದ್ದ: “ಊರೋರ ಗುಡ್ಲು ಕಟ್ಟಿದ್ದು ನಮ್ಮೋರೇ ಕಣಪ್ಪ. ಗಳ, ಸೋಗೆ ಎಲ್ಲ ಹೊತ್ತಾಕಿ ಅವರನ್ನ ಅಲ್ಲಿ ಕೂರ್ಸಿ, ಬರಿದಾದ ಊರ್ನ ಕಾಯಕ್ಕೆ ನಮ್ಮೋರ್ನೇ ಬಿಟ್ರು.” ರೋಗ ಇರುವ ಊರನ್ನು ಕಾಯುವವರಿಗೆ ಯಾವ ಮುನ್ನೆಚ್ಚರಿಕೆ ಹೇಳಿದರು ಅಂತ ಕೇಳಿದರೆ ತಾತ ನಗುತ್ತಿದ್ದ.

ಕನ್ನಡ ಸಾಹಿತ್ಯದ ಓದುಗರಿಗೆ ಪ್ಲೇಗು ಗೊತ್ತಿರುವುದು ಹೆಚ್ಚಾಗಿ ಅನಂತಮೂರ್ತಿಯವರ ‘ಸಂಸ್ಕಾರ’ದಿಂದ (1965). ಅಗ್ರಹಾರದ ಒಂದು ಹೆಣವನ್ನು ಯಾರು ಸುಡಬೇಕೆಂಬ ಧರ್ಮಜಿಜ್ಞಾಸೆ ಆ ಕಾದಂಬರಿಯನ್ನು ನಡೆಸುತ್ತದೆ. ಅದೇ ಕಾದಂಬರಿಯಲ್ಲಿ ಹೊಲಗೇರಿಯಲ್ಲೂ ಜನ ಸಾಯುತ್ತಾರೆ, ಹೆಣಗಳ ಸಮೇತ ಗುಡಿಸಲಿಗೆ ಬೆಂಕಿ ಇಡಲಾಗುತ್ತದೆ. ಅಲ್ಲಿ ಜಿಜ್ಞಾಸೆ ಇಲ್ಲ. ಕಾದಂಬರಿಯ ಮೇಲೆ ನಡೆದ ಚರ್ಚೆ ಬಹುಪಾಲು ಮೊದಲನೆಯ ಹೆಣದ ಸುತ್ತಲೇ ಸುತ್ತಿತು. ಎರಡನೆಯ ಬೆಂಕಿಯನ್ನು ಆರೋಗ್ಯದ ಚರಿತ್ರೆಯ ಪುಟವಾಗಿ ಓದುವ ಕೆಲಸ ದಲಿತ ವಿಮರ್ಶೆಯ ಪಾಲಿಗೆ ಉಳಿದಿದೆ.

2. ಶುದ್ಧ ಎಂಬ ಪದ

1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮೈಸೂರು ಸಂಸ್ಥಾನಕ್ಕೆ ಬಂತು. ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು, ಮಂಡ್ಯದಲ್ಲಿ ಗ್ರಾಮಾರೋಗ್ಯ ಘಟಕ ಶುರುವಾದವು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಮಾದರಿ ಸಂಸ್ಥಾನ ಎಂಬ ಹೆಸರಿಗೆ ಇವೂ ಕಾರಣ. ಅದೇ ಹೊತ್ತಿನಲ್ಲಿ, 1927ರ ಮಾರ್ಚ್ 20ರಂದು, ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಆ ನೀರನ್ನು ‘ಶುದ್ಧ’ ಮಾಡಲು ಸಗಣಿ, ಗಂಜಲ ಸುರಿದರು. ಕುಡಿಯುವ ನೀರಿಗೆ ಸಗಣಿ ಹಾಕುವುದು ಶುದ್ಧಿ, ಮನುಷ್ಯ ಕೈ ಇಡುವುದು ಮೈಲಿಗೆ. ಈ ದೇಶದ ಆರೋಗ್ಯ ಶಿಕ್ಷಣ ಮೊದಲು ಎದುರಿಸಬೇಕಾಗಿದ್ದ ಅಜ್ಞಾನ ಇದು. ಎದುರಿಸಲಿಲ್ಲ.

1946ರಲ್ಲಿ ಭೋರ್ ಸಮಿತಿಯ ವರದಿ ಬಂತು. 1956ರಲ್ಲಿ ದೆಹಲಿಯಲ್ಲಿ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ ಸ್ಥಾಪನೆಯಾಯಿತು. ಜನರಿಗೆ ರೋಗ ತಡೆಯ ತಿಳಿವಳಿಕೆ ಕೊಡುವುದು, ಕೊಡುವವರಿಗೆ ತರಬೇತಿ ನೀಡುವುದು, ಪ್ರಚಾರ ಸಾಮಗ್ರಿ ತಯಾರಿಸುವುದು ಅದರ ಕೆಲಸ. ನಮ್ಮ ತಾಲ್ಲೂಕುಗಳಲ್ಲಿ ಈ ಕೆಲಸದ ಮುಖ ಎಂದರೆ ಜಿಲ್ಲಾ ಆರೋಗ್ಯ ಶಿಕ್ಷಣಾಧಿಕಾರಿ, ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ, ನರ್ಸಮ್ಮ.

ದೆಹಲಿಯ ಸಾಮಗ್ರಿ ಕನ್ನಡಕ್ಕೆ ಬಂದಾಗ ಯಾವ ಪದಗಳಲ್ಲಿ ಬಂತು ನೋಡಿ: ನೈರ್ಮಲ್ಯ, ಶುಚಿತ್ವ, ಶುದ್ಧ, ಪರಿಶುದ್ಧ. ಕೇರಿಯಲ್ಲಿ ಚೊಕ್ಕಟ ಅನ್ನುತ್ತಾರೆ, ಅಚ್ಚುಕಟ್ಟು ಅನ್ನುತ್ತಾರೆ. ಆ ಪದಗಳಿಗೆ ಗೋಡೆ ಸಿಗಲಿಲ್ಲ. ಶುದ್ಧ ಎಂಬ ಪದ ನಮ್ಮ ಸೀಮೆಯಲ್ಲಿ ಬರೀ ಕ್ರಿಮಿಯ ಮಾತಲ್ಲ; ಅದರ ಹಿಂದೆ ಮಡಿ-ಮೈಲಿಗೆಯ ಸಾವಿರ ವರ್ಷದ ವಾಸನೆಯಿದೆ. ‘ಶುದ್ಧವಾಗಿರಿ’ ಎಂದು ಕೇರಿಯ ಮೊದಲ ಗುಡಿಸಲಿನ ಗೋಡೆ ಮೇಲೆ ಬರೆದಾಗ ಊರಿನವನು ಓದಿಕೊಂಡದ್ದು, ‘ನಾವು ಮೊದಲಿಂದ ಹೇಳಿದ್ದನ್ನೇ ಸರ್ಕಾರವೂ ಹೇಳ್ತಿದೆ’ ಎಂದು. ವಿಜ್ಞಾನದ ಮಾತು ಪುರೋಹಿತನ ಪದದಲ್ಲಿ ಬಂದರೆ ಆಗುವ ಅನಾಹುತ ಇದು.

ಕುಟುಂಬ ಯೋಜನೆಯ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಘೋಷಣೆಯನ್ನೇ ತೆಗೆದುಕೊಳ್ಳಿ. ಮಗಳು ಆರತಿ ಎತ್ತುವ, ಮಗ ವಂಶದ ಕೀರ್ತಿ ಬೆಳಗುವ ಮನೆ ಯಾರದು? ಕೂಲಿಗೆ ಹೋದರೆ ಒಲೆ ಉರಿಯುವ ಮನೆಯಲ್ಲಿ ಮಗಳೂ ದುಡಿಮೆ, ಮಗನೂ ದುಡಿಮೆ. ಕೆಂಪು ತ್ರಿಕೋನ ನಮ್ಮ ಕೇರಿಗಳಿಗೆ ಬಂದದ್ದು ಶಿಕ್ಷಣವಾಗಿ ಅಲ್ಲ, ಗುರಿ ಮುಟ್ಟಬೇಕಾದ ಸಂಖ್ಯೆಯಾಗಿ. 1975-77ರ ತುರ್ತುಪರಿಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆಯ ಗುರಿ ತುಂಬಿಸಲು ದೇಶದಾದ್ಯಂತ ಬಡವರ ಮೇಲೆ ನಡೆದ ಒತ್ತಡ ಈಗ ಎಲ್ಲರಿಗೂ ಗೊತ್ತಿರುವ ಚರಿತ್ರೆ.

3. ಮದ್ದು ಹೊಡೆಯುವವನು

ಆ ಗುರಿಗಳ ಕಾಲಕ್ಕೂ ಮೊದಲೇ ಇನ್ನೊಂದು ದೊಡ್ಡ ಕಾರ್ಯಕ್ರಮ ಮನೆಬಾಗಿಲಿಗೆ ಬಂದಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾದವು. ಮನೆ ಗೋಡೆಗಳಿಗೆ ಡಿಡಿಟಿ ಹೊಡೆಯುವುದು ಮುಖ್ಯ ಅಸ್ತ್ರ. ರಕ್ತ ಹೀರಿದ ಸೊಳ್ಳೆ ಒಳಗೋಡೆಯ ಮೇಲೆ ಕೂರುತ್ತದೆ, ಅಲ್ಲಿ ಮದ್ದಿದ್ದರೆ ಸಾಯುತ್ತದೆ ಎಂಬುದು ತರ್ಕ. ನಮ್ಮ ಬಯಲುಸೀಮೆಯ ತಾಲ್ಲೂಕುಗಳ ಕೂಲಿಗಳು ಸಕಲೇಶಪುರದ ಕಾಫಿ ತೋಟಗಳಿಗೆ ಹೋಗಿ ಚಳಿಜ್ವರ ತಂದುಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಡಿಡಿಟಿ ಕೇರಿಗೆ ದೊಡ್ಡ ಉಪಕಾರ ಮಾಡಿತು. ಇದನ್ನು ಮರೆಮಾಚುವ ಅಗತ್ಯವಿಲ್ಲ.

ಹಿಂದಿನ ದಿನ ಸಾಯಂಕಾಲ ನಮ್ಮ ತಾತ ತಮಟೆ ಹೊಡೆದು ಸಾರುತ್ತಿದ್ದ: “ಕೇಳ್ರಪ್ಪೋ ಕೇಳಿ, ನಾಳೆ ಮದ್ದು ಹೊಡೆಯೋರು ಬತ್ತಾರೆ, ಪಾತ್ರೆ ಪಡಗ ಈಚೆಗಿಟ್ಕಳ್ರಪ್ಪೋ.” ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1961ರಲ್ಲೇ ಆಗಿ ತೋಟಿಕೆ ಕಾಗದದಲ್ಲಿ ಹೋಗಿತ್ತು, ತಮಟೆ ಕೈಯಿಂದ ಹೋಗಿರಲಿಲ್ಲ. ದೆಹಲಿಯಲ್ಲಿ ಹೊರಟ ಆರೋಗ್ಯ ಸಂದೇಶದ ಕೊನೆಯ ಮೈಲಿಯನ್ನು ಸತ್ತ ದನದ ಚರ್ಮದ ಮೇಲೆ ಬಡಿದು ದಾಟಿಸಿದವನು ಅವನು. ಅದಕ್ಕೆ ಸಂಬಳ ಇರಲಿಲ್ಲ; ಸುಗ್ಗಿಯಲ್ಲಿ ಒಂದು ಮೊರ ರಾಗಿ.

ಮಾರನೆ ದಿನ ಪಂಪು ಹೊತ್ತು ಬರುವವರಲ್ಲಿ ತಾತನ ತಮ್ಮ, ನಮ್ಮ ಚಿಕ್ಕತಾತನೂ ದಿನಗೂಲಿಯವನಾಗಿದ್ದ. ಮೇಲಿನವರ ಅಪ್ಪಣೆ, ಎಲ್ಲ ಕೋಣೆಗೂ ಹೊಡೆಯಬೇಕು ಅಂತ. ಜಗುಲಿ ದಾಟುವುದಕ್ಕೆ ಊರಿನ ಅಪ್ಪಣೆ ಇಲ್ಲ. “ದನದ ಕೊಟ್ಟಿಗೆಗೆ ಹೊಡಿ, ಸಾಕು ನಡಿ ಅನ್ನೋರು. ನಡುಮನೆ, ಅಡುಗೆಮನೆ, ದೇವರಕೋಣೆ ಹಂಗೇ ಉಳ್ಕಳ್ಳದು. ಪುಸ್ತಕದಲ್ಲಿ ಮಾತ್ರ ಹೊಡ್ದಂಗೆ ಬರಕಳ್ಳೋರು” ಅನ್ನುತ್ತಿದ್ದ ಚಿಕ್ಕತಾತ. ದೇಶದಲ್ಲಿ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ಕ್ಕೆ 64 ಲಕ್ಷ ದಾಟಿದವು. ಸೊಳ್ಳೆ ಮದ್ದಿಗೆ ಒಗ್ಗಿಕೊಂಡದ್ದು, ಹಣದ ಕೊರತೆ, ಆಡಳಿತದ ಆಲಸ್ಯ ಎಲ್ಲವೂ ಕಾರಣಗಳೇ. ಜನ ಒಳಮನೆಗೆ ಮದ್ದು ಹೊಡೆಸಿಕೊಳ್ಳಲು ಒಪ್ಪುತ್ತಿರಲಿಲ್ಲ ಎಂಬ ಕಾರಣವನ್ನೂ ತಜ್ಞರು ಹೇಳುತ್ತಾರೆ. ಆ ‘ಜನ’ ಯಾರು, ಯಾಕೆ ಒಪ್ಪಲಿಲ್ಲ ಎಂಬ ಪ್ರಶ್ನೆಯ ಬಾಗಿಲಲ್ಲಿ ಜಾತಿ ನಿಂತಿರುವುದನ್ನು ಅವರು ಅಷ್ಟಾಗಿ ನೋಡಲಿಲ್ಲ. ನಮ್ಮೂರಲ್ಲಿ ಸೊಳ್ಳೆಗೆ ಸುರಕ್ಷಿತ ಜಾಗ ಒದಗಿಸಿದ್ದು ಅಸ್ಪೃಶ್ಯತೆ ಎಂದರೆ ಅದು ರೂಪಕವಲ್ಲ.

4. ಆರೋಗ್ಯ ಇಲಾಖೆಯಲ್ಲಿ ಇಲ್ಲದ ಆರೋಗ್ಯ ಶಿಕ್ಷಕರು

ಕೇರಿಯ ಆರೋಗ್ಯಕ್ಕೆ ನಿಜವಾಗಿ ಕೆಲಸ ಮಾಡಿದವರನ್ನು ಹುಡುಕಿದರೆ ಆ ಇಲಾಖೆಯ ಹೊರಗೆ ಹೋಗಬೇಕಾಗುತ್ತದೆ. ಇಬ್ಬರನ್ನು ನೆನೆಯುತ್ತೇನೆ.

ಮೊದಲನೆಯವರು ಬಿ. ಬಸವಲಿಂಗಪ್ಪ. ಸಾಹಿತ್ಯದವರಿಗೆ ಅವರು 1973ರ ಬೂಸಾ ಪ್ರಕರಣದಿಂದ ಮಾತ್ರ ಗೊತ್ತು. ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿ ಅವರು ತಲೆಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ದೇಶಕ್ಕೆ ಈ ಬಗ್ಗೆ ಕಾನೂನು ಬಂದದ್ದು 1993ರಲ್ಲಿ, ಮತ್ತೆ ಗಟ್ಟಿಯಾಗಿ 2013ರಲ್ಲಿ. ಊರಿನ ಮಲ ಊರನ್ನು ಕಾಯಿಲೆ ಬೀಳಿಸದಂತೆ ನೂರಾರು ವರ್ಷ ಹೊತ್ತವರ ಕೆಲಸವನ್ನು ರೋಗ ತಡೆಯ ಕೆಲಸ ಎಂದು ಯಾವ ಪಠ್ಯಪುಸ್ತಕ ಕರೆದಿದೆ? ಅವರನ್ನು ಆ ಕೆಲಸದಿಂದ ಬಿಡಿಸುವುದೂ ಆರೋಗ್ಯ ಕಾರ್ಯಕ್ರಮವೇ ಅಲ್ಲವೇ?

ಎರಡನೆಯವರು ಅಬ್ದುಲ್ ನಜೀರ್ ಸಾಬ್. 1983ರ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಅವ್ವನ ತವರಿನ ಕಡೆ ನೀರು ಎಂದರೆ ಮೊದಲಿಂದ ಕಷ್ಟ. ಊರ ಬಾವಿಯ ಕಟ್ಟೆ ಕೆಳಗೆ ಬಿಂದಿಗೆ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಅಂತ ಗಂಟೆಗಟ್ಟಲೆ ಕೂರಬೇಕು. ಬಿಸಿಲೇರಿದರೆ ಕಟ್ಟೆ-ಕುಂಟೆಯ ಬಗ್ಗಡವೇ ಗತಿ. ‘ನೀರು ಕಾಯಿಸಿ ಕುಡಿಯಿರಿ’ ಎಂಬ ಗೋಡೆಬರಹ ಅವರಿಗೂ ಇತ್ತು. ಕಾಯಿಸಲು ಮೊದಲು ನೀರಿರಬೇಕು, ಆಮೇಲೆ ಸೌದೆ ಇರಬೇಕು. ಕೇರಿಗೆ ಕೈಪಂಪು ಬಂದ ದಿನದ ಬಗ್ಗೆ ಅಜ್ಜಿ ಹೇಳುತ್ತಿದ್ದ ಮಾತು: “ಅವತ್ತು ಯಾರಿಗೂ ಅವ್ವಾ ತಾಯಿ ಅನ್ನದೆ ನೀರು ಕುಡುದ್ವಿ.” ವಾಂತಿಭೇದಿ ಕಮ್ಮಿಯಾದ್ದು ಆರೋಗ್ಯದ ಲೆಕ್ಕ. ಗೋಗರೆಯುವುದು ನಿಂತದ್ದು ಯಾವ ಲೆಕ್ಕ? ಅದನ್ನೂ ಆರೋಗ್ಯದ ಲೆಕ್ಕಕ್ಕೇ ಬರೆಯಬೇಕು ಎಂಬುದು ನನ್ನ ನಿಲುವು. ಮಹಾಡದ ಕೆರೆಯ ಅರ್ಥವೂ ಅದೇ.

5. ಒಂದೇ ಲೋಟ

ಮುಟ್ಟುವುದರ ಬಗ್ಗೆ ಆರೋಗ್ಯ ಶಿಕ್ಷಣ ಬಾಯಿಬಿಟ್ಟದ್ದು ಕುಷ್ಠರೋಗ ಮತ್ತು ಏಡ್ಸ್ ಪ್ರಚಾರದಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬಂತು, ಆಮೇಲೆ ರಾಜ್ಯದ ಸಂಸ್ಥೆ. ನಾನು ಶಾಲೆಗೆ ಹೋಗುವ ಕಾಲಕ್ಕೆ ಆಸ್ಪತ್ರೆ, ಬಸ್ ನಿಲ್ದಾಣ, ಪಂಚಾಯ್ತಿ ಗೋಡೆಗಳ ಮೇಲೆಲ್ಲ ಚಿತ್ರಗಳಿದ್ದವು. ಕೈಕುಲುಕುವುದರಿಂದ ರೋಗ ಹರಡುವುದಿಲ್ಲ, ಒಟ್ಟಿಗೆ ಕೂತು ಉಂಡರೆ ಹರಡುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಹರಡುವುದಿಲ್ಲ. ಸರಿಯಾದ ಮಾತು, ಬೇಕಾದ ಮಾತು.

ಹೊಳೆನರಸೀಪುರದ ಸೀಮೆಯ ಒಂದು ಊರಿನಲ್ಲಿ, ಹೆಸರು ಬೇಡ, ಇಂಥ ಚಿತ್ರವಿದ್ದ ಗೋಡೆಗೆ ಒತ್ತಿಕೊಂಡೇ ಒಂದು ಟೀ ಅಂಗಡಿ ಇತ್ತು. ಅದರ ಚಾವಣಿಯ ಗಳಕ್ಕೆ ಕೇರಿಯವರ ಲೋಟಗಳನ್ನು ಬೇರೆ ಸಿಕ್ಕಿಸಿರುತ್ತಿದ್ದರು. ನಾವೇ ತೆಗೆದು, ನಾವೇ ತೊಳೆದು, ಕುಡಿದು, ಮತ್ತೆ ತೊಳೆದು ಸಿಕ್ಕಿಸಬೇಕು. ಒಂದೇ ಲೋಟದಲ್ಲಿ ಕುಡಿಯಬಹುದು ಎಂದು ಸರ್ಕಾರ ಬಣ್ಣದಲ್ಲಿ ಬರೆಸಿದ್ದನ್ನು ಓದುತ್ತಾ ನಾನು ಆ ಲೋಟದಲ್ಲಿ ಟೀ ಕುಡಿದಿದ್ದೇನೆ. ಗೋಡೆ ಬರೆದವರಿಗೆ ಲೋಟ ಕಾಣಲಿಲ್ಲವೇ? ಕಂಡಿರಬೇಕು. ಅದು ತಮ್ಮ ಇಲಾಖೆಯ ವಿಷಯ ಎಂದು ಅನ್ನಿಸಿರಲಿಕ್ಕಿಲ್ಲ.

ಸಂವಿಧಾನದ 47ನೇ ವಿಧಿ ಸಾರ್ವಜನಿಕ ಆರೋಗ್ಯವನ್ನು ಉತ್ತಮಪಡಿಸುವುದು ಪ್ರಭುತ್ವದ ಕರ್ತವ್ಯ ಎನ್ನುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. ಈ ಎರಡೂ ವಿಧಿಗಳು ಒಂದೇ ಭಿತ್ತಿಪತ್ರದಲ್ಲಿ ಕೂಡಿದ್ದನ್ನು ನಾನು ಈವರೆಗೆ ನೋಡಿಲ್ಲ. ರೋಗಿಯನ್ನು ಮುಟ್ಟಲು ಹೇಳಿಕೊಟ್ಟ ಪ್ರಭುತ್ವಕ್ಕೆ ಆರೋಗ್ಯವಾಗಿರುವ ದಲಿತನನ್ನು ಮುಟ್ಟಲು ಹೇಳಿಕೊಡುವುದು ಶಿಕ್ಷಣವೆಂದು ತೋರಲಿಲ್ಲ. ಅದನ್ನು ಪೊಲೀಸ್ ಠಾಣೆಗೆ ಬಿಟ್ಟಿತು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದದ್ದಕ್ಕೆ ದಂಡ ಹಾಕಿದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನಗಳಿಗೆ ಕಾಲಿಡಲು ಅಧಿಕಾರಿಗಳು ಎದುರಿಗೆ ನಿಲ್ಲಬೇಕಾಯಿತು. ನಡುವೆ, 2020ರಲ್ಲಿ, ಕೊರೊನಾ ಬಂತು. ಫೋನೆತ್ತಿದರೆ ‘ಸಾಮಾಜಿಕ ಅಂತರ’. ದೈಹಿಕ ಅಂತರ ಅನ್ನುವುದೇ ಸರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ಮಾರ್ಚ್‌ನಲ್ಲೇ ಹೇಳಿತ್ತು. ನಮ್ಮಲ್ಲಿ ಹಳೆಯ ಪದವೇ ಉಳಿಯಿತು, ಸಲೀಸಾಗಿ ನಾಲಿಗೆಗೆ ಹತ್ತಿತು. ಹತ್ತದೆ ಏನು, ಊರಿಗೆ ಅದು ಹೊಸ ಪಾಠವೇ?

6. ಎಚ್ಚರಿಕೆ ಯಾರಿಗೆ

ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಇದೇ ಸರ್ಕಾರ 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ತಂದಿತು. 2016ರಿಂದ ಸಿಗರೇಟು ಪೊಟ್ಟಣದ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕು. ಸೇದುವವನಿಗೆ ಎಚ್ಚರಿಕೆ ಸಿಕ್ಕಿತು. ಮುಂಜಾನೆ ಇಬ್ಬನಿಯಲ್ಲಿ ಒದ್ದೆ ಎಲೆ ಮುರಿದು, ಕಂಕುಳಲ್ಲಿ ಹೊತ್ತು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವ ಕೂಲಿಯವಳಿಗೆ? ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಬರುತ್ತವೆ; ಇದು ಹಸಿ ಹೊಗೆಸೊಪ್ಪಿನ ಕಾಯಿಲೆ ಎಂದು ವೈದ್ಯಶಾಸ್ತ್ರಕ್ಕೆ ಗೊತ್ತು. ಕೈಗವಸು, ಮೈಮುಚ್ಚುವ ಬಟ್ಟೆ, ಇಬ್ಬನಿ ಆರಿದ ಮೇಲೆ ಕೆಲಸ ಇದ್ದರೆ ತಡೆಯಬಹುದು. ನಮ್ಮವ್ವ ಸುಗ್ಗಿಯಲ್ಲಿ ಮಧ್ಯಾಹ್ನ ಉಣ್ಣುತ್ತಿರಲಿಲ್ಲ, “ಸೊಪ್ಪು ಏರೈತೆ” ಅನ್ನುತ್ತಿದ್ದಳು. ಸೊಪ್ಪು ಏರುವುದು ಎಂಬ ಕೇರಿಯ ಮಾತಿನಲ್ಲಿ ರೋಗಲಕ್ಷಣ, ಕಾರಣ ಎರಡೂ ಇವೆ. ನಮ್ಮ ಕೇರಿಗೆ ಬಂದ ಆರೋಗ್ಯ ಶಿಕ್ಷಣದವರು ಯಾರೂ ಆ ಪದವನ್ನು ಕೇಳಿಸಿಕೊಳ್ಳಲಿಲ್ಲ. ಅವರು ಬಂದದ್ದು ಎಲೆಅಡಿಕೆ, ಹೊಗೆಸೊಪ್ಪು ಹಾಕಬೇಡಿ ಎಂದು ಹೇಳಲು. ರೋಗದ ಕಾರಣ ದುಡಿಮೆಯಲ್ಲಿದ್ದರೂ ಅದನ್ನು ಚಟದಲ್ಲಿ ಹುಡುಕುವುದು ಈ ಶಿಕ್ಷಣದ ಹಳೆಯ ಅಭ್ಯಾಸ.

7. ಮುಂದಿನ ಕೆಲಸ

ಇಷ್ಟು ಬರೆದೆನೆಂದು ಆರೋಗ್ಯ ಶಿಕ್ಷಣವೇ ಬೇಡ ಎಂದು ಯಾರೂ ತಿಳಿಯಬಾರದು. ಸಿಡುಬು ಹೋದದ್ದು, ಪೋಲಿಯೋ ಹೋದದ್ದು ಕೇರಿಯ ಮಕ್ಕಳಿಗೆ ಸಿಕ್ಕ ದೊಡ್ಡ ಬಿಡುಗಡೆ. ಚುಚ್ಚುಮದ್ದು ವಿದೇಶಿ, ನಾಟಿಯೇ ನಮ್ಮದು ಎಂಬ ಈಚಿನ ರಮ್ಯ ಮಾತುಗಳಿಗೆ ದಲಿತ ಚಿಂತನೆ ಮರುಳಾಗಬೇಕಿಲ್ಲ. ಅಂಬೇಡ್ಕರ್ ನಮಗೆ ಕಲಿಸಿದ್ದು ಆಧುನಿಕತೆಯನ್ನು ಬಿಡುವುದನ್ನಲ್ಲ, ಅದರಲ್ಲಿ ನಮ್ಮ ಪಾಲನ್ನು ಕೇಳುವುದನ್ನು. ಹಾಗೆ ಕೇಳುವಾಗ ಕೆಲವು ಮಾತುಗಳನ್ನು ಗಟ್ಟಿಯಾಗಿ ಹೇಳಬೇಕು.

ಒಂದು, ತೋಟಿ, ತಮಟೆಯವನು, ಮದ್ದು ಹೊಡೆದವನು, ಮಲ ಬಳಿದವಳು, ಸೂಲಗಿತ್ತಿ ಇವರೆಲ್ಲ ಆರೋಗ್ಯ ಕೆಲಸಗಾರರು. ಇವತ್ತಿನ ಪೌರಕಾರ್ಮಿಕರ, ಗೌರವಧನದ ಹೆಸರಲ್ಲಿ ದುಡಿಯುವ ಆಶಾ ಕಾರ್ಯಕರ್ತೆಯರ ಬೇಡಿಕೆಗಳನ್ನು ಈ ಚರಿತ್ರೆಯ ಮುಂದುವರಿಕೆಯಾಗಿ ನೋಡಬೇಕು. ಎರಡು, ಅಸ್ಪೃಶ್ಯತೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆ ಎಂದು ಇಲಾಖೆ ಒಪ್ಪಬೇಕು. 17ನೇ ವಿಧಿ ಆಸ್ಪತ್ರೆ ಗೋಡೆಗೂ ಬರಬೇಕು. ಮೂರು, ಪ್ರಚಾರ ಸಾಮಗ್ರಿಯ ಕನ್ನಡ ಬದಲಾಗಬೇಕು. ಚೊಕ್ಕಟ ಎಂಬ ಪದ ಯಾರನ್ನೂ ಮೈಲಿಗೆ ಮಾಡುವುದಿಲ್ಲ.

ವಿದ್ಯಾರ್ಥಿ ಗೆಳೆಯರಿಗೆ ಒಂದು ಕೋರಿಕೆ. ನಿಮ್ಮ ಕೇರಿಯಲ್ಲಿ ಡಂಗುರ ಸಾರಿದ, ಪಂಪು ಹೊತ್ತ, ಪ್ಲೇಗಿನ ಗುಡಿಸಲ ಕತೆ ಕೇಳಿದ ಹಿರಿಯರು ಇನ್ನೂ ಕೆಲವರು ಇದ್ದಾರೆ. ನಮ್ಮ ತಾತ ಹೋಗಿ ನಾಲ್ಕು ವರ್ಷವಾಯಿತು. ಅವನಿಂದ ನಾನು ಬರೆದುಕೊಂಡದ್ದು ಒಂದು ನೋಟುಬುಕ್ಕಿನ ಅರ್ಧ. ಪತ್ರಾಗಾರದಲ್ಲಿ ಸಿಗುವುದು ಮದ್ದು ಹೊಡೆದ ಮನೆಗಳ ಸಂಖ್ಯೆ. ಯಾವ ಕೋಣೆಗೆ ಹೊಡೆಯಲು ಬಿಡಲಿಲ್ಲ ಎಂಬುದು ಈ ಮುದುಕರ ಬಾಯಲ್ಲಿದೆ. ಈ ರಜೆಯಲ್ಲೇ ಹೋಗಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.